ಉದ್ದೇಶ ಎಂಬ ಕಾಲಂ

ಸಾಲಗಾಮೆ ರಸ್ತೆಯ ಮಹಡಿ ಕೋಣೆಯಲ್ಲಿ
ಆಡಿಟರ್ ಪದ್ಮರಾಜಯ್ಯ ನನ್ನ ಲಾಗ್ ಬುಕ್ಕು ತಿರುವುತ್ತ
ಒಂದು ಪುಟಕ್ಕೆ ಬೆರಳಿಟ್ಟು ನಿಂತರು.
"ಏನ್ರೀ ಮೋನಾಚಾರ್,
ಕಾಳಮ್ಮ ನಾಲ್ಕು ಕೆಜಿ ಇನ್ನೂರು,
ಶಿವನಂಜ ಏಳು ಕೆಜಿ,
ದೊಡ್ಡತಾಯಿ ಎರಡೂ ಚಿಲ್ಲರೆ.
ಇವರೆಲ್ಲ ಯಾರು? ಪಾರ್ಟಿಗಳಾ?"
ಪಕ್ಕದಲ್ಲಿ ಕಿಲೋಮೀಟರು: ನೂರ ಐವತ್ತನಾಲ್ಕು.
ಉದ್ದೇಶ ಎಂಬಲ್ಲಿ ಖಾಲಿ.

ನನ್ನದು ತಕ್ಕಡಿ ಕೆಲಸ.
ಓಮ್ನಿಯ ಹಿಂದಿನ ಸೀಟು ಕಿತ್ತು
ಇಪ್ಪತ್ತು ಕೆಜಿಯ ಹತ್ತು ಕಲ್ಲು ಹೇರಿಕೊಂಡು
ಬೇಲೂರು, ಆಲೂರು, ಅರಕಲಗೂಡು ಅಂತ
ಊರವರ ತೂಕ ಸರಿಮಾಡುತ್ತ ತಿರುಗುವವನು.
ಕಲ್ಲು ಹೊತ್ತ ಗಾಡಿ ಮೈಲೇಜು ಕೊಡುವುದಿಲ್ಲ;
ಕೊಡುವುದಿಲ್ಲ ಅಂತ ಬರೆಯಲು ಕಾಲಂ ಇಲ್ಲ.
ಬಂಕಿನ ಬಿಲ್ಲುಗಳು ಡ್ಯಾಶ್‌ಬೋರ್ಡಿನ ಬಿಸಿಲಿಗೆ
ಅಕ್ಷರ ಕಳಕೊಂಡು ಬೆಳ್ಳಗಾಗಿವೆ.
ಕಿಟಕಿಗೆ ಹಿಡಿದು ನೋಡುತ್ತಾರೆ ಪದ್ಮರಾಜಯ್ಯ,
ಎಕ್ಸ್‌ರೇ ನೋಡುವ ಡಾಕ್ಟರ ಹಾಗೆ,
ಮೂಳೆ ಮುರಿದದ್ದು ಎಲ್ಲಿ ಅಂತ.

ಆ ಸೋಮವಾರದ್ದು ಹೇಳಲೇಬೇಕಾಯಿತು.
ತಿರುಮನಹಳ್ಳಿ ಡೈರಿಯಿಂದ ಬರಬೇಕಿತ್ತು
ಸಾವಿರದ ಎಂಟುನೂರು ರೂಪಾಯಿ.
ಯುಗಾದಿಯಿಂದ ಗೌರಿಹಬ್ಬದ ತನಕ
ಸೆಕ್ರೆಟರಿ ನಿರ್ವಾಣೇಗೌಡರದು ಒಂದೇ ಪಲ್ಲವಿ:
"ಬರೋ ವಾರ ಆಚಾರ್ರೇ."
ಇವತ್ತು ಬಿಡುವುದಿಲ್ಲ ಅಂತ ಬೆಳಗ್ಗೆ ಆರಕ್ಕೇ ಹೋದೆ.

ಡೈರಿಗೆ ಬೀಗ.
ಬೀಗದ ಮುಂದೆ ಕ್ಯಾನು ಹಿಡಿದವರ ಸಾಲು.
ಕೀಲಿಕೈ ಗೌಡರ ಉಡಿದಾರದಲ್ಲಿ;
ಗೌಡರು ಜಗಲಿಯ ಮೇಲೆ, ತಲೆದೆಸೆಗೆ ದೀಪ.
ಬಿಚ್ಚಿಕೊಳ್ಳಲು ಯಾರಿಗೂ ಕೈ ಬಾರದು.

ಅತ್ತು ಮುಗಿಸಿ ಮೂಗೊರೆಸಿಕೊಂಡು ಕಾಳಮ್ಮ ಅಂದಳು:
"ಸಾವಾಯ್ತು ಅಂತ ಹಸ ಕೆಚ್ಚಲು ಕಟ್ಕತದಾ?
ಲಾರಿ ಏಳಕ್ಕೆ ಬತ್ತದೆ."

ಓಮ್ನಿಯಿಂದ ನನ್ನ ತಕ್ಕಡಿ ಇಳಿಸಿದೆ.
ಖಾಲಿ ಕ್ಯಾನಿನ ತೂಕ ಮೊದಲು ಕಳೆದು,
ಸೊನ್ನೆ ಅಲುಗದೆ ನಿಂತ ಮೇಲೆ
ಹಾಲು.
ಬರೆಯಲು ಬೇರೆ ಪುಸ್ತಕ ಇರಲಿಲ್ಲ.
ಮೂವತ್ತೇಳು ಜನ.

ಆಮೇಲೆ ಅರಸೀಕೆರೆ ಸ್ಟೇಷನ್ನಿಗೆ ಹೋಗಿ
ಹುಬ್ಬಳ್ಳಿ ರೈಲಿಗೆ ಬಂದ ಗೌಡರ ಮಗಳನ್ನು ಕರೆತಂದೆ.
ಹಿಂದೆ ಸೀಟಿಲ್ಲವಲ್ಲ,
ಅಳಿಯ ಕಲ್ಲುಗಳ ಮೇಲೆಯೇ ಕೂತ.
ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ ಮಾತು:
"ಅಪ್ಪನಿಂದ ನಿಮಗೇನಾದರೂ ಬರಬೇಕಿತ್ತಾ?"
ನಾನು ಗೇರು ಬದಲಿಸಿದೆ,
ಬದಲಿಸುವ ಅಗತ್ಯವಿಲ್ಲದ ಕಡೆ.

ಪದ್ಮರಾಜಯ್ಯ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
"ವಸೂಲಿಗೆ ಹೋದದ್ದು ಬಿಸಿನೆಸ್ಸು,
ಮೂವತ್ತೊಂದು ಕಿಲೋಮೀಟರು ಒಪ್ಪುತ್ತೇನೆ.
ಅರಸೀಕೆರೆ ಸ್ವಂತ."
"ತೂಕ ಹಾಕಿದ್ದು?"
"ಬಿಲ್ ಇದೆಯಾ?"
ಇಲ್ಲ.
"ಹಾಸನಕ್ಕೆ ವಾಪಸು ಬಂದದ್ದು ಯಾವ ಲೆಕ್ಕ ಸಾರ್?"
ಇದಕ್ಕೆ ಸ್ವಲ್ಪ ಹೊತ್ತು ಫ್ಯಾನು ನೋಡಿದರು.
"ದುಡ್ಡು ಕೇಳಿದ್ರಾ?"
"ಇಲ್ಲ."
"ಕೇಳಿದ್ದರೆ ಬಿಸಿನೆಸ್ಸು."

ಹಾಗಾದರೆ ಯಾವ ಮೈಲಿಗಲ್ಲಿನ ಹತ್ತಿರ
ನನ್ನ ಗಾಡಿ ನನ್ನದಾಯಿತು, ಕೇಳೋಣವೆನಿಸಿತು.
ಅಷ್ಟರಲ್ಲಿ ಅವರೇ, ಕೊಂಚ ಮೆತ್ತಗೆ:
"ಹೋಗಲಿ ಬಿಡಿ. ಬಿಡಿ ಬಿಡಿಯಾಗಿ ನೋಡಿದರೆ ಬೆಳಗಾಗುತ್ತೆ.
ವರ್ಷದ್ದೆಲ್ಲ ಸೇರಿಸಿ ಅಂದಾಜಿನ ಮೇಲೆ
ನೂರಕ್ಕೆ ಇಪ್ಪತ್ತು ಸ್ವಂತಕ್ಕೆ ಅಂತ ಕಳೆಯೋಣ."

ನೂರಕ್ಕೆ ಇಪ್ಪತ್ತು.
ಹೆಂಡತಿಯ ತವರು, ಮಗನ ಹಲ್ಲುನೋವು,
ದುದ್ದದ ಹತ್ತಿರ ಸುಮ್ಮನೆ ಇಳಿದು ನಿಂತ ಒಂದು ಸಂಜೆ,
ಎಲ್ಲದರ ಜೊತೆ ಗೌಡರೂ ಅದರೊಳಗೆ ಹಿಡಿಸಿದರು.

ಮೆಟ್ಟಿಲಿಳಿದು ಬಂದು ಮೀಟರು ನೋಡಿ ಬರೆದೆ.
ಎಲ್ಲಿಂದ: ಹಾಸನ. ಎಲ್ಲಿಗೆ: ತಿರುಮನಹಳ್ಳಿ.
ಹೊಸ ಸೆಕ್ರೆಟರಿ ಫೋನು ಮಾಡಿದ್ದ,
ಡೈರಿಯ ತಕ್ಕಡಿ ಮೇಲೆ ಏನೂ ಇಡದಿದ್ದರೂ
ಇನ್ನೂರು ಗ್ರಾಂ ತೋರಿಸುತ್ತಂತೆ.

ಉದ್ದೇಶ: ರಿಪೇರಿ.
ದುಂಡಗೆ ಬರೆದೆ, ಓದಲು ಬರುವ ಹಾಗೆ.