ಪಾರ್ಸಿಕ್ ಸುರಂಗದಲ್ಲಿ ಸರ್ಕಾರ ಬಿದ್ದದ್ದು

ಏಳೂ ಐವತ್ತೆರಡರ ಫಾಸ್ಟ್ ಲೋಕಲ್ಲು
ಡೊಂಬಿವಿಲಿ ಬಿಟ್ಟಾಗ ನಾನಿನ್ನೂ ಅರ್ಥಮಂತ್ರಿ.
ಕಂಬಿಗೆ ಒಂದು ಕೈ, ಫೋನಿಗೆ ಒಂದು,
ಬೆನ್ನಿಗೆ ಯಾರದೋ ಡಬ್ಬಿಯ ಚೂಪು ಮೂಲೆ.
ವರೂನಿಯಾ ದೇಶದ ಬೊಕ್ಕಸದಲ್ಲಿ
ಒಂಬತ್ತು ಲಕ್ಷ ಹೊನ್ನು. ಗೋಧಿ ಮೂರು ದಿನಕ್ಕೆ.
ನೌಕಾಪಡೆಗೆ ಸಂಬಳ ಬಾಕಿ.

ಇರದ ದೇಶ ಅದು, ಗೊತ್ತು.
ಪ್ರಜೆಗಳು ಇನ್ನೂರ ಹನ್ನೆರಡು,
ಮತ ಹಾಕುವವರು ಮೂವತ್ತೊಂದು,
ಅದರಲ್ಲಿ ನಾಲ್ವರು ಒಬ್ಬನೇ ಎಂದು ನನಗೆ ಗುಮಾನಿ.
ರಾಷ್ಟ್ರಪತಿ ಅಗಸ್ತ್ಯ ಎಪ್ಪತ್ತೇಳು, ನಾಸಿಕದವನಂತೆ.
ಸೇನಾಪತಿ ಜನರಲ್ ಬಟಾಟಾನಿಗೆ
ಮಾಪ್ಸಾದಲ್ಲಿ ಟಯರಿನ ಅಂಗಡಿ.
ಯುದ್ಧದ ನಡುವೆ ಒಮ್ಮೆ ಬಾಯಿಬಿಟ್ಟಿದ್ದ:
ಗಿರಾಕಿ ಬಂದ, ಐದು ನಿಮಿಷ ಕದನವಿರಾಮ.
ನನ್ನ ಹೆಸರು ಅಲ್ಲಿ ತಿಜೋರಿ.
ಎಲ್ಲರೂ ಸರ್ ಅನ್ನುತ್ತಾರೆ.
ತಿದ್ದಲಿಲ್ಲ.

ಮೊನ್ನೆ ಸಭೆಯಲ್ಲಿ ಎರಡು ಯುದ್ಧನೌಕೆ ಕೇಳಿದ. ಕೊಡಲಿಲ್ಲ.
ಉಪ್ಪಿನ ಸುಂಕ ಏರಿಸದೆ ಹಡಗಿಲ್ಲ,
ಏರಿಸಿದರೆ ಮುಂದಿನ ಚುನಾವಣೆ ಗೆಲ್ಲುವುದಿಲ್ಲ ಅಂದೆ.
ಚುನಾವಣೆಯೇ ಇರದಿದ್ದರೆ? ಅಂತ ಬರೆದು
ನಗುವ ಮುಖ ಅಂಟಿಸಿದ.
ಎಲ್ಲರೂ ನಕ್ಕೆವು. ನಾನೂ.

ಇತ್ತ ಡಬ್ಬದಲ್ಲಿ ವೈಜಯಂತಿ ಮ್ಹಾತ್ರೆಯ ರಾಜ್ಯಭಾರ.
ಕಿಟಕಿಯ ಪಕ್ಕ, ಮಡಿಲಲ್ಲಿ ಮೆಂತ್ಯದ ಕಟ್ಟು.
ಠಾಣೆಯಲ್ಲಿ ಯಾರು ಏಳಬೇಕು, ಘಾಟ್ಕೋಪರಿಗೆ ಯಾರು ಕೂರಬೇಕು
ಹುಬ್ಬಿನಲ್ಲೇ ಹುಕುಂ.
ಇವತ್ತು ಹೊಸ ಹುಡುಗಿಯೊಬ್ಬಳು,
ಕಲ್ಯಾಣದಿಂದಲೇ ಕೂತು ಬಂದವಳು,
ಏಳುವುದಿಲ್ಲ ಅಂದಳು.
ಮೆಂತ್ಯ ಬಿಡಿಸುತ್ತಿದ್ದ ಬೆರಳು ನಿಂತವು.
ಆ ಮೌನ ನನಗೆ ಚೆನ್ನಾಗಿ ಗೊತ್ತು:
ಗೊತ್ತುವಳಿ ಮಂಡಿಸುವ ಮೊದಲು
ಸದಸ್ಯರು ಒಬ್ಬೊಬ್ಬರಾಗಿ ಹಸಿರು ದೀಪ ಆರಿಸಿಕೊಂಡು
ಹೊರಗೆ ಹೋಗಿ ಮಾತಾಡುತ್ತಾರಲ್ಲ, ಅದು.

ಅಷ್ಟರಲ್ಲಿ ಸುರಂಗ.

ಕತ್ತಲೆ, ಕಬ್ಬಿಣದ ಬೊಬ್ಬೆ,
ಫೋನಿನಲ್ಲಿ ಗಿರಗಿರ ತಿರುಗುವ ಚಕ್ರ.
ಆಚೆ ಬೆಳಕಿಗೆ ಬಂದಾಗ ಅರವತ್ಮೂರು ಸಂದೇಶ.
ಸಂವಿಧಾನ ಅಮಾನತು.
ತಿಜೋರಿ ದೇಶದ್ರೋಹಿ.
ಗಡೀಪಾರು, ತತ್‌ಕ್ಷಣದಿಂದ.
ಗಡೀಪಾರಾದವರಿಗೆ ಮಾತಾಡಲು ಎರಡು ದಿನ ಕೊಡಬೇಕೆಂಬ
ಹದಿನಾಲ್ಕನೇ ವಿಧಿ,
ಮಗಳಿಗೆ ಜ್ವರವಿದ್ದ ರಾತ್ರಿ ಕೂತು ನಾನೇ ಬರೆದದ್ದು,
ಹದಿಮೂರರ ನಂತರ ಈಗ ಹದಿನೈದು.
ಅಗಸ್ತ್ಯ ಒಂದು ಅಳುಮುಖ ಹಾಕಿ ಕಾಣೆಯಾಗಿದ್ದ.
ರಾಜೀನಾಮೆಯೂ ಇಲ್ಲ.
ಪಾಪ, ಅವನ ಭಾಷಣಗಳನ್ನೂ ನಾನೇ ಬರೆದುಕೊಡುತ್ತಿದ್ದೆ.

ಹುಡುಗಿ ಎದ್ದಳೋ ಇಲ್ಲವೋ ನೋಡಲಿಲ್ಲ.

ಮಸ್ಜಿದ್ ಬಂದರಿನ ಬ್ಯಾಂಕಿನಲ್ಲಿ ಇಡೀ ದಿನ
ಬೇರೆಯವರ ಚೆಕ್ಕು, ಬೇರೆಯವರ ಸಹಿ.
ಮೂರೂವರೆಗೆ ಜನರಲ್‌ನ ಖಾಸಗಿ ಪತ್ರ:
ಸರ್, ವೈಯಕ್ತಿಕವಾಗಿ ಏನೂ ಇಲ್ಲ.
ಬೊಕ್ಕಸದ ಕೀಲಿಪದ ದಯವಿಟ್ಟು.
ಸೈನಿಕರು ಸಂಬಳ ಕೇಳುತ್ತಿದ್ದಾರೆ.

ಇಪ್ಪತ್ತೆರಡು ವರ್ಷ ಈ ಊರಲ್ಲಿ.
ತರಕಾರಿ ಮರಾಠಿಯಲ್ಲಿ, ಜಗಳ ಹಿಂದಿಯಲ್ಲಿ,
ಲೆಕ್ಕ ಮಾತ್ರ ಇವತ್ತಿಗೂ ಕನ್ನಡದಲ್ಲಿ.
ಕೀಲಿಪದ: ಹದಿನೇಳೇಳ್ಲಿ ನೂರಾಹತ್ತೊಂಬತ್ತು.
ಅಂಕಿಯಲ್ಲ, ಅಕ್ಷರದಲ್ಲಿ, ಒಂದೇ ಉಸಿರಿಗೆ,
ತಪ್ಪಿದರೆ ಬೆರಳ ಗಂಟಿಗೆ ಫೂಟುಪಟ್ಟಿ ಬೀಳುತ್ತಿದ್ದ ಹಾಗೆ.
ಯಾವ ಸೇನೆ ಒಡೆದೀತು ಅದನ್ನು?

ಉತ್ತರ ಕೊಡಲಿಲ್ಲ.

ರಾತ್ರಿ ಹನ್ನೊಂದಕ್ಕೆ, ಹಾಲಿಗೆ ಹೆಪ್ಪು ಹಾಕಿ,
ನಾಳೆಯ ಕಡಲೆ ನೆನೆಹಾಕಿ,
ಅಡುಗೆಕಟ್ಟೆಗೆ ಒರಗಿ ನಿಂತು ಮಗ್ಗಿ ಒತ್ತಿದೆ.
ಬಾಗಿಲು ತೆರೆಯಿತು.
ರಾಜ್ಯ ಕಿತ್ತುಕೊಂಡ ಗಂಡಸರು
ಉಗ್ರಾಣದ ಕಡೆ ತಿರುಗಿಯೂ ನೋಡಿರಲಿಲ್ಲ.
ಗೋಧಿ ಎರಡು ದಿನಕ್ಕೆ ಇಳಿದಿತ್ತು.
ಮೂರನೆಯ ದಿನ ಆಟದ ಸೂತ್ರವೇ ಕೊಲ್ಲಲು ಶುರುಮಾಡುತ್ತದೆ,
ಮೊದಲು ಬಂದರಿನ ಕೇರಿಯಲ್ಲಿ,
ಹೆಸರಿಲ್ಲದವರನ್ನು, ನೂರರ ಲೆಕ್ಕದಲ್ಲಿ.

ದರ ದುಬಾರಿಯಿತ್ತು. ಚೌಕಾಸಿ ಮಾಡಿದೆ.
ನಾಲ್ಕು ಸಾವಿರ ಮೂಟೆ ಕೊಂಡೆ.
ಖರೀದಿಸಿದವರ ಹೆಸರು? ಅಂತ ರಸೀದಿ ಕೇಳಿತು.
ಜನರಲ್ ಬಟಾಟಾ ಅಂತ ಬರೆದೆ.
ಅಳಿಸಿದೆ.
ಕಡಲೆ ಇನ್ನೊಂದು ಹಿಡಿ ಹಾಕಬಹುದಿತ್ತು ಅನ್ನಿಸಿತು,
ಹಾಕಿದೆ.