ಹಸಿರು ಬಾಟ್ಲಿಗೆ ಜೋಡಿ

ಶಹಾಬಾದದ ಗೆಸ್ಟ್ ಹೌಸಿನ ಫ್ರಿಜ್ಜಿನಾಗ
ಹಾಲಿನ ಪಾಕೀಟು, ನಿನ್ನಿನ ಸಾರು,
ಅವುಗಳ ನಡುವ ಕೊಕ್ಕರಿಹಾಂಗ ಕೊರಳೆತ್ತಿ ನಿಂತದ
ಜರ್ಮನಿಯ ಬಿಳಿ ವೈನು.

"ಜಗದೇವಿ, ಇದಕ್ಕ ಜೋಡಿ ಏನು ಮಾಡ್ತಿ?"
ಕಿಲ್ನಿನ ಧೂಳು ರೆಪ್ಪಿ ಮ್ಯಾಲ ಇಟ್ಟುಕೊಂಡೇ ಕೇಳಿದ ಯುರ್ಗೆನ್ ಸಾಬ.
'ಜೋಡಿ' ಅನ್ನೋ ಮಾತು ಹೊಸದಾಗಿ ಕಲ್ತಾನ.
ಚಪ್ಪಲಿಗೆ ಜೋಡಿ, ಎತ್ತಿಗೆ ಜೋಡಿ,
ಬಾಟ್ಲಿಗೂ ಒಂದು ಹುಡುಕು ಅಂತಾನ.

ಮೂರು ಮಂದಿ ತಂಗಿಯರಿಗೆ ಗಂಡು ಹುಡುಕಿದಾಕಿ ನಾನು.
ಮೊದಲು ಕೇಳೋದು ಮನಿತನ:
ಯಾವೂರು, ಯಾವ ಹೊಳಿ, ನೆಲ ಎಂಥಾದ್ದು?
ಫೋನಿನಾಗ ತೋರಿಸಿದ.
ಹೊರಳಿ ಹೊರಳಿ ಹರಿಯೋ ನೀರು,
ದಂಡಿ ಮ್ಯಾಲ ಗ್ವಾಡಿಹಾಂಗ ನಿಂತ ಗುಡ್ಡ,
ಮಣ್ಣು ಕಾಣವಲ್ದು, ಬರೇ ಕರೀ ಕಲ್ಲಿನ ಚಕ್ಕಿ,
ಚಕ್ಕಿ ಸಂದಿನಾಗ ದ್ರಾಕ್ಷಿ ಬಳ್ಳಿ.
"ಇದು ನಮ್ಮ ಖಣಿ ಅಲ್ಲೇನ್ರಿ!" ಅಂದೆ.

ದಿನಕ್ಕ ಅರ್ಧ ಗ್ಲಾಸು, ಔಷಧದ ಲೆಕ್ಕ.
ಮೊದಲ ದಿನ ಪುಂಡಿಪಲ್ಯ ಇಟ್ಟೆ.
ಹುಳಿಗೆ ಹುಳಿ ಎದುರಾಗಿ
ಸವತೇರು ಒಂದೇ ನಳಕ್ಕ ಬಂದಾಂಗ ಆತು.
ಎರಡನೇ ದಿನ ಎಣ್ಣಿಗಾಯಿ, ಗುರೆಳ್ಳು ಶೇಂಗಾ ತುಂಬಿದ್ದು:
ವೈನು ಯಾವಾಗ ಹಿತ್ತಲ ಬಾಗಿಲಿಂದ ಎದ್ದು ಹೋತೋ
ಯಾರಿಗೂ ಗೊತ್ತಾಗಲಿಲ್ಲ.
ತಹರಿ? "ಛಲೋ ಅದ" ಅಂದ.
ಗಂಡಿನವರು ಹಿಂಗೇ ಅಂತಾರ,
ಆಮ್ಯಾಲ ಫೋನ್ ಎತ್ತಂಗಿಲ್ಲ.

ನಾಕನೇ ಸಂಜಿ ಡ್ರೈವರ್ ಖಾಜಾಹುಸೇನ
ಕಾಗಿಣಾದಿಂದ ಮೀನು ತಂದ, ಟವೆಲ್ಲಿನಾಗ ಸುತ್ತಿ,
ಮಾರಲಿಕ್ಕ ಬಾರದಷ್ಟು ಸಣ್ಣವು.
ಉಪ್ಪು, ಅರಿಶಿಣ, ಜೋಳದ ಹಿಟ್ಟಿನಾಗ ಹೊರಳಿಸಿ
ಕುಸುಬಿ ಎಣ್ಣಿಗೆ ಬಿಟ್ಟೆ.
ಬಾಜೂಕ ಹಸಿ ಉಳ್ಳಾಗಡ್ಡಿ,
ಚಿಟಿಕಿ ಬೆಲ್ಲ ಹಾಕಿ ಕುಟ್ಟಿದ ಕೆಂಪು ಹಿಂಡಿ.
ಸಾಬ ಮಾತೇ ಆಡಲಿಲ್ಲ.
ಖಾರ ಏರಿದಾಗ ಗ್ಲಾಸು,
ಇಳಿದಾಗ ಮೀನು,
ತಾಟಿನ ಅಂಚಿಗೆ ಮುಳ್ಳು ಸಾಲಾಗಿ ಇಡ್ತಾ ಹೋದ.

"ನೀನೂ ನೋಡು" ಅಂತ
ಸ್ಟೀಲ್ ಲೋಟದ ತಳಕ್ಕ ಎರಡು ಗುಟುಕು ಹಾಕಿದ.

ನಮ್ಮ ಮನ್ಯಾಗ ಬಾಟ್ಲಿ ಅಂದ್ರ ಅಪ್ಪ.
ಫರಸಿ ಎಬ್ಬಿಸೋ ಹಾಶಪ್ಪ,
ಸಂಜಿಕೆ ಶಿಂದಿ, ಆಮ್ಯಾಲ ಯಾವ ಬಣ್ಣದ್ದಾದರೂ ನಡೀತಿತ್ತು.
ಅದಕ್ಕ ಜೋಡಿ
ಉಪ್ಪು, ಮೆಣಸಿನಕಾಯಿ, ಅವ್ವನ ಬೆನ್ನು.

ಕುಡೀಲಿಲ್ಲ. ಮೂಗಿನ ಹತ್ತಿರ ಹಿಡಿದೆ.
ನಿಂಬಿ ಸಿಪ್ಪಿ, ಇನ್ನೂ ಕಾಯಾದ ಸೇಬು,
ಅದರ ಕೆಳಗ,
ಮುಂಜಾನಿ ಉಳಿ ಬಡಿದು ಪದರು ಬಿಚ್ಚಿದಾಗ
ಹೊಸಾ ಫರಸಿಯಿಂದ ಏಳ್ತಿತ್ತಲ್ಲ,
ತಣ್ಣನ್ನ ಕಲ್ಲಿನ ವಾಸನಿ!
ಬುತ್ತಿ ಒಯ್ದ ನನ್ನ ಅಂಗೈ ಹಿಡಿದು
ಅದರ ಮ್ಯಾಲ ಒತ್ತಿಸ್ತಿದ್ದ ಅಪ್ಪ:
"ಮುಟ್ಟು. ಇಲ್ಲಿತನಕ ಯಾರೂ ಮುಟ್ಟಿಲ್ಲ ಇದನ್ನ."
ಆ ಹೊತ್ತಿನಾಗ ಅವನ ಬಾಯಿ
ಯಾವುದೂ ನಾರ್ತಿರಲಿಲ್ಲ.

ಲೋಟ ತಿರುಗಿ ಗ್ಲಾಸಿಗೆ ಸುರುವಿದೆ.
"ಇದರಾಗ ಕಲ್ಲು ಅದ" ಅಂದದ್ದಕ್ಕ
ಸಾಬ ಕುರ್ಚಿ ಬಿಟ್ಟು ಎದ್ದೇಬಿಟ್ಟ.
ಅವರ ಊರಿನ ಮುದುಕರೂ ಇದನ್ನೇ ಹೇಳ್ತಾರಂತ.

ಇನ್ನೂ ನಾಕು ಬೆರಳು ಉಳಿದದ.
ನಾಳಿ ಮೀನು ಸಿಗದಿದ್ರ ಸುಸಲಾ ಮಾಡ್ತೀನಿ,
ಮ್ಯಾಲ ಹುರಿದ ಶೇಂಗಾ, ಹುಳಿ ಕಮ್ಮಿ.
ಖಾಲಿಯಾದ ಮ್ಯಾಲ ಬಾಟ್ಲಿ ನನಗ ಬೇಕಂತ ಹೇಳೀನಿ,
ಕುಸುಬಿ ಎಣ್ಣಿ ಹಾಕ್ಲಿಕ್ಕ.