ಉಳಿದ ಬಣ್ಣ

ಬ್ಯಾಡಗಿ ಟಾಕೀಜಿನ ಬ್ಯಾನರಿಗೆ
ರಾಕ್ಷಸನ್ನ ಬರದಾಂವ ಪೇಂಟರ್ ಮಾಬೂಸಾಬ.
ಏಳು ಕಣ್ಣು ಯಾಕ ಕಾಕಾ, ಅಂದ್ರ
"ಕೆಂಪು ಉಳದಿತ್ತಲೇ, ಚೆಲ್ಲೂದ್ಯಾಕ?"

ಒಳಗ ಪರದೆ ಮ್ಯಾಲ ಬಂದದ್ದು ಬ್ಯಾರೇನ:
ಗೋಣಿಚೀಲದ ಮೈ, ಬೆನ್ನಿಗೆ ಜಿಪ್ಪು,
ಜಿಪ್ಪು ಬಿಚ್ಚಿ ಹರಕ ಬನೀನು.
ಊರು ನುಂಗಾಕ ಬಂದಾಂವ
ಬಾಗಲಕ್ಕ ತಲಿ ಬಡಕೊಂಡ.
ನಕ್ಕು ನಕ್ಕು
ನಮಗ ಶೇಂಗಾ ನೆತ್ತಿಗೇರಿತು.

ಹೊರಗ ಬಂದ್ರ
ಏಳೂ ಕಣ್ಣು ನಮ್ಮನ್ನ ಎಣಸಾಕ್ಹತ್ತಿದ್ವು.
ಮನೀತನಕ ಯಾರೂ
ಯಾರ ಕೈನೂ ಬಿಡಲಿಲ್ಲ.

ಈಗ ಆ ಬ್ಯಾನರು
ಪ್ಯಾಟ್ಯಾಗ ಮೆಣಸಿನಕಾಯಿ ಚೀಲಕ್ಕ ಹೊದಿಕಿ.
ಹಮಾಲರು ಎಳದಾಗೊಮ್ಮೆ
ಒಂದೊಂದು ಕಣ್ಣು ಉದುರತೈತಿ.
ನಿನ್ನೆ ಎಣಿಸಿದೆ:
ಎರಡ ಉಳದಾವ, ನನ್ನಂಗ.
ಘಾಟಿಗೆ ಸೀನು ಬಂತು.
ಯಾರಿಗೆ ಮೊದಲು,
ಗೊತ್ತಾಗಲಿಲ್ಲ.